ಸ್ಲೋ ಕುಕ್ಕರ್: ಮೊದಲು ಕುದಿಸಿ, ಹುಳಿ ಕೊನೆಗೆ ಹಾಕಿ

ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಯಾದ ಸ್ಲೋ ಕುಕ್ಕರ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಅಳತೆಯಲ್ಲಿ ಕಪ್ ಎಂದರೆ 240 ಮಿ.ಲೀ., ದೊಡ್ಡ ಚಮಚ ಎಂದರೆ 15 ಮಿ.ಲೀ.

ನಮ್ಮದು ಐದು ಜನರ ಸಂಸಾರ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮನೆಯಲ್ಲಿ ಎರಡು ಪ್ರೆಶರ್ ಕುಕ್ಕರ್ ಇವೆ. ಇದರ ಮೇಲೆ ಸ್ಲೋ ಕುಕ್ಕರ್ ಬೇಕೇ? ಬೇಕಾದರೆ ಎಷ್ಟು ಲೀಟರಿನದು?
— ಓದುಗರು, ಮೈಸೂರು

ತೊಗರಿಬೇಳೆ, ಅನ್ನ, ಪಲ್ಯದ ತರಕಾರಿ ಬೇಯಿಸುವುದಕ್ಕೆಂದಾದರೆ ಬೇಡ. ಪ್ರೆಶರ್ ಕುಕ್ಕರಿನೊಳಗೆ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುವುದರಿಂದ ಬೇಳೆ ಮೂರು ಕೂಗಿಗೆ ಕರಗುತ್ತದೆ. ಸ್ಲೋ ಕುಕ್ಕರಿನಲ್ಲಿ ಅದೇ ಬೇಳೆಗೆ ಮೂರೂವರೆ ಗಂಟೆ ಬೇಕು, ರುಚಿ ಒಂದಿಷ್ಟೂ ಹೆಚ್ಚುವುದಿಲ್ಲ. ಅನ್ನವಂತೂ ಅಂಚಿನಲ್ಲಿ ಅಂಟಾಗಿ, ನಡುವೆ ಮುದ್ದೆ ಕಟ್ಟುತ್ತದೆ.

ಅದು ನಿಜವಾಗಿ ಗೆಲ್ಲುವುದು ನಿಧಾನಕ್ಕೆ ಬೆಂದಷ್ಟೂ ಹದವಾಗುವ ಪದಾರ್ಥಗಳಲ್ಲಿ: ಹುರುಳಿ ಕಟ್ಟು, ಕಡಲೆಕಾಳು, ಕುಟ್ಟಿದ ಗೋಧಿಯ ಹುಗ್ಗಿ, ಕಾಲು ಸೂಪು, ನಾಟಿ ಕೋಳಿ, ಮೂಳೆಯಿರುವ ಮಟನ್. ಮಾಂಸದ ಸಂದುಗಳಲ್ಲಿರುವ ಗಟ್ಟಿ ಕೊಲಾಜನ್ ಗಂಟೆಗಟ್ಟಲೆ ಹದವಾದ ಬಿಸಿಯಲ್ಲಿದ್ದರೆ ಜೆಲಟಿನ್ ಆಗಿ ಕರಗುತ್ತದೆ. ಸಾರಿಗೆ ಮೈ ಬರುವುದು ಅದರಿಂದಲೇ. ಈ ಯಂತ್ರ ಹುಟ್ಟಿದ್ದೂ ಕಾಳಿಗಾಗಿ. ಅಮೆರಿಕದ ಶಿಕಾಗೋದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ಪಾತ್ರೆಯನ್ನು ಮೊದಲು ಕಾಳು ಬೇಯಿಸುವ ಸಾಧನವೆಂದೇ ಮಾರುತ್ತಿದ್ದರು. ರೈವಲ್ ಕಂಪನಿ ಅದನ್ನು ಕೊಂಡು 1971ರಲ್ಲಿ 'ಕ್ರಾಕ್‌ಪಾಟ್' ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಮೊಳಕೆಕಾಳು, ಬಸ್ಸಾರು ಮಾಡುವ ಮನೆಗಳಿಗೆ ಅದು ಒಗ್ಗುವುದು ಸಹಜ.

ಗಾತ್ರದ ವಿಷಯಕ್ಕೆ ಬಂದರೆ, ಪೆಟ್ಟಿಗೆಯ ಮೇಲೆ ಬರೆದ ಲೀಟರು ಸಾಮಾನ್ಯವಾಗಿ ಕಂಠಮಟ್ಟದ ಅಳತೆ. ಅಡುಗೆಗೆ ಸಿಗುವುದು ಅದರ ಮೂರನೇ ಎರಡು ಪಾಲು ಮಾತ್ರ. ಅರ್ಧಕ್ಕಿಂತ ಕಡಿಮೆ ತುಂಬಿದರೆ ಅಂಚು ಹಿಡಿಯುತ್ತದೆ, ಮುಕ್ಕಾಲು ದಾಟಿದರೆ ನಡುಭಾಗ ಬೇಗ ಬಿಸಿಯಾಗುವುದಿಲ್ಲ. ಇಬ್ಬರಿಗೆ 2 ಲೀಟರ್, ನಾಲ್ಕೈದು ಜನಕ್ಕೆ 3.5 ಲೀಟರ್ ಸಾಕು. ನೆಂಟರಿಷ್ಟರು ಬಂದುಹೋಗುವ ಮನೆಗೆ 5.5 ರಿಂದ 6 ಲೀಟರ್. ನಿಮಗೆ 3.5 ಹೇಳುತ್ತೇವೆ. 'ಬೇಕಾದೀತು' ಎಂದು 6 ಲೀಟರಿನದು ಕೊಂಡು ಕಾಲುಭಾಗ ತುಂಬಿಸಿ ತಳ ಹಿಡಿಸಿಕೊಳ್ಳುವವರೇ ಹೆಚ್ಚು.

ಅಂಗಡಿಯಲ್ಲಿ ನೋಡಬೇಕಾದ್ದು: ಒಳಗಿನ ಪಿಂಗಾಣಿ ಪಾತ್ರೆ ಹೊರಗೆ ತೆಗೆಯಲು ಬರಬೇಕು. ಗಾಜಿನ ಮುಚ್ಚಳ ಅಲುಗಾಡದೆ ಕೂರಬೇಕು. ಬೆಂದ ಮೇಲೆ ತಾನಾಗಿ, ಬಿಸಿ ಆರದಂತೆ ಇಡುವ 'ವಾರ್ಮ್'ಗೆ ಬದಲಾಗುವ ಟೈಮರ್ ಇದ್ದರೆ ಕೆಲಸಕ್ಕೆ ಹೋಗುವವರಿಗೆ ಅನುಕೂಲ. 3.5 ಲೀಟರಿನವು ಸುಮಾರು 200 ವ್ಯಾಟಿನವು. ಎಂಟು ಗಂಟೆ ಸತತ ಉರಿದರೂ 1.6 ಯೂನಿಟ್ ದಾಟುವುದಿಲ್ಲ, ಸಾಮಾನ್ಯ 6 ಆಂಪಿಯರ್ ಪ್ಲಗ್ ಸಾಕು.

ಇನ್ನೊಂದು ಮಾತು. 'ಲೋ' ಎಂದರೆ ಕಡಿಮೆ ಶಾಖದ ಅಡುಗೆ, 'ಹೈ' ಎಂದರೆ ಹೆಚ್ಚು ಶಾಖದ ಅಡುಗೆ ಎಂದು ಅನೇಕರು ತಿಳಿದಿದ್ದಾರೆ. ಬಹುತೇಕ ಮಾದರಿಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಕುದಿಯ ಸಮೀಪದ ಶಾಖವನ್ನೇ. 'ಹೈ' ಅಲ್ಲಿಗೆ ಮೂರ್ನಾಲ್ಕು ಗಂಟೆಯಲ್ಲಿ ಮುಟ್ಟಿದರೆ 'ಲೋ' ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ. ಈ ನಿಧಾನವೇ ಕಾಳು ಮತ್ತು ಮಾಂಸದ ವಿಷಯದಲ್ಲಿ ಎಚ್ಚರ ವಹಿಸಬೇಕಾದ ಜಾಗ. ಮುಂದಿನ ಪ್ರಶ್ನೆ ಅದರದ್ದೇ.

ರಾಜ್ಮಾ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸ್ಲೋ ಕುಕ್ಕರಿನಲ್ಲಿ 'ಲೋ' ಇಟ್ಟು ಹೋದೆ. ಸಂಜೆ ಕಾಳು ಸ್ವಲ್ಪ ಗಟ್ಟಿಯಾಗಿಯೇ ಇತ್ತು, ಆದರೂ ತಿಂದೆವು. ಎರಡು ಗಂಟೆಯೊಳಗೆ ಮಕ್ಕಳಿಗೂ ಅತ್ತೆಯವರಿಗೂ ವಾಂತಿ ಶುರುವಾಯಿತು. ಕಾಳು ಹಳಸಿತ್ತೇ?
— ಓದುಗರು, ಬೆಂಗಳೂರು

ನೀವು ಹೇಳುವ ಲಕ್ಷಣ ನೋಡಿದರೆ ಕಾಳು ಹಳಸಿದ್ದಕ್ಕಿಂತ ಸರಿಯಾಗಿ ಕುದಿಯದಿದ್ದದ್ದೇ ಕಾರಣವಿರಬೇಕು. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ನಾಲ್ಕೈದು ಹಸಿ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ ಬರಬಹುದು. 100 ಡಿಗ್ರಿಯ ಕುದಿಯಲ್ಲಿ ಅದು ನಾಶವಾಗುತ್ತದೆ. ಆದರೆ 80 ಡಿಗ್ರಿಯ ಆಸುಪಾಸಿನಲ್ಲಿ ನಾಶವಾಗುವುದಿಲ್ಲ, ಅರೆಬೆಂದ ಕಾಳು ಹಸಿ ಕಾಳಿಗಿಂತ ಹೆಚ್ಚು ಅಪಾಯಕಾರಿಯಾಗಬಹುದು. ಸ್ಲೋ ಕುಕ್ಕರ್ 'ಲೋ'ದಲ್ಲಿ ಗಂಟೆಗಟ್ಟಲೆ ಆಡುವುದು ಆ ಶಾಖದಲ್ಲೇ.

ಮಾಡಬೇಕಾದ ಕ್ರಮ ಇದು. ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ. ಹೊಸ ನೀರು ಹಾಕಿ ಒಲೆಯ ಮೇಲೆ ಗುಳ್ಳೆ ಬಂದು ಕೊತಕೊತ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ ಪೂರ್ತಿ 30 ನಿಮಿಷ ಕುದಿಸಿ. ಆ ನೀರನ್ನೂ ಬಸಿದು, ಹೊಸ ಕುದಿನೀರಿನ ಜೊತೆ ಸ್ಲೋ ಕುಕ್ಕರಿಗೆ ಹಾಕಿ. ಪ್ರೆಶರ್ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದ ರಾಜ್ಮಾಕ್ಕೆ, ಡಬ್ಬಿಯಲ್ಲಿ ಬರುವ ಬೆಂದ ರಾಜ್ಮಾಕ್ಕೆ ಈ ಭಯವಿಲ್ಲ. ಹುರುಳಿ, ಅವರೆ, ಅಲಸಂದೆ, ಕಡಲೆಯಲ್ಲಿ ಈ ವಿಷ ಅಷ್ಟಿಲ್ಲದಿದ್ದರೂ, ಇವುಗಳಲ್ಲಿ ಯಾವ ಇಡಿಕಾಳನ್ನಾದರೂ ಒಲೆಯ ಮೇಲೆ ಹತ್ತು ನಿಮಿಷ ಕುದಿಸಿಯೇ ಕುಕ್ಕರಿಗೆ ಹಾಕುವ ಅಭ್ಯಾಸ ಒಳ್ಳೆಯದು. ಹೊಟ್ಟೆಗೂ ಹಗುರ, ಬೇಯುವುದೂ ಬೇಗ.

ಇಲ್ಲಿ ನಮ್ಮ ಮನೆಯಲ್ಲಿ 6 ಲೀಟರಿನ ಸ್ಲೋ ಕುಕ್ಕರ್ ಇದೆ. ತೊಗರಿಬೇಳೆ, ತರಕಾರಿ, ಹುಣಸೆರಸ, ರುಬ್ಬಿದ ತೆಂಗಿನಕಾಯಿ ಮಸಾಲೆ ಎಲ್ಲ ಒಟ್ಟಿಗೆ ಹಾಕಿ ಹುಳಿ ಮಾಡಿದರೆ ನೀರು ನೀರಾಗಿ, ಸಪ್ಪೆಯಾಗಿ ಬರುತ್ತದೆ. ಬೇಳೆಯೂ ಆಲೂಗಡ್ಡೆಯೂ ಗಟ್ಟಿ, ಸೋರೆಕಾಯಿ ಮಾತ್ರ ಕರಗಿಹೋಗಿರುತ್ತದೆ. ಮೇಲೆ ಎಣ್ಣೆಯ ಪದರ ಬೇರೆ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗರು, ನ್ಯೂಜೆರ್ಸಿ

ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇ ತೊಂದರೆಯ ಮೂಲ. ಒಂದೊಂದಾಗಿ ನೋಡೋಣ.

ಬೇಳೆ ಬೇಯದಿರುವುದಕ್ಕೆ ಕಾರಣ ಹುಣಸೆಹುಳಿ. ಹುಳಿಯಿದ್ದ ನೀರಿನಲ್ಲಿ ಬೇಳೆಯ ಜೀವಕೋಶಗಳನ್ನು ಅಂಟಿಸಿಡುವ ಪೆಕ್ಟಿನ್ ಸಡಿಲವಾಗುವುದಿಲ್ಲ. ಟೊಮ್ಯಾಟೊ, ಬೆಲ್ಲದ ಕಥೆಯೂ ಅದೇ. ಗಡಸು ನೀರಿನ ಸುಣ್ಣದ ಅಂಶವೂ ಇದನ್ನೇ ಮಾಡುತ್ತದೆ. ಕೊಳವೆಬಾವಿ ನೀರಿನ ಊರುಗಳವರಿಗೆ ಇದು ಗೊತ್ತಿರುವ ಕಷ್ಟ. ಫಿಲ್ಟರ್ ನೀರು ಬಳಸಿ, ಅದಿಲ್ಲದಿದ್ದರೆ ಒಂದು ಕಪ್ ಬೇಳೆಗೆ ಒಂದು ಚಿಟಿಕೆ ಅಡುಗೆ ಸೋಡಾ ಸಾಕು. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ನೀರು ಹೆಚ್ಚಾಗುವುದಕ್ಕೆ ಕಾರಣ ಮುಚ್ಚಳ. ಒಲೆಯ ಪಾತ್ರೆಯಲ್ಲಿ ಆವಿಯಾಗಿ ಹೋಗುವ ನೀರು ಇಲ್ಲಿ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಇಳಿಯುತ್ತದೆ, ತರಕಾರಿಯೂ ತನ್ನ ನೀರು ಬಿಡುತ್ತದೆ. ಒಲೆಯ ಅಡುಗೆಗೆ ಹಾಕುವ ನೀರಿನಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಿ.

ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್‌ನಂಥ ಗಡ್ಡೆಗಳು ಇಲ್ಲಿ ಮಾಂಸಕ್ಕಿಂತಲೂ ನಿಧಾನಕ್ಕೆ ಬೇಯುತ್ತವೆ. ಬಿಸಿ ಮಾಡುವ ಕಾಯಿಲ್ ಸಾಮಾನ್ಯವಾಗಿ ಪಾತ್ರೆಯ ಸುತ್ತ ಇರುತ್ತದೆ. ಹಾಗಾಗಿ ಗಡ್ಡೆಗಳನ್ನು 2 ಸೆಂ.ಮೀ. ಹೋಳು ಮಾಡಿ ತಳದಲ್ಲೂ ಅಂಚಿಗೂ ಜೋಡಿಸಿ, ಬೇಳೆ ಅದರ ಮೇಲೆ. ಸೋರೆ, ಬದನೆ, ಸೀಮೆಬದನೆ, ನುಗ್ಗೆಕಾಯಿ ಕೊನೆಯ ಒಂದು ಗಂಟೆಗೆ.

ತೆಂಗಿನಕಾಯಿ ಹೆಚ್ಚು ಹೊತ್ತು ಬಿಸಿಯಲ್ಲಿದ್ದರೆ ಕೊಬ್ಬು ಬೇರ್ಪಟ್ಟು ಎಣ್ಣೆಯಾಗಿ ತೇಲುತ್ತದೆ, ಹಾಲು ಮೊಸರು ಒಡೆಯುತ್ತವೆ. ಇವಕ್ಕೆ ಕೊನೆಯ 20 ನಿಮಿಷ ಸಾಕು. ಇಂಗು, ಕರಿಬೇವು, ಕೊತ್ತಂಬರಿಸೊಪ್ಪಿನ ಘಮ ಎಂಟು ಗಂಟೆ ನಿಲ್ಲುವುದಿಲ್ಲ. ಚಕ್ಕೆ ಲವಂಗದ್ದು ಇದಕ್ಕೆ ತಿರುಗುಮುರುಗು, ಹೊತ್ತು ಹೆಚ್ಚಿದಷ್ಟೂ ಕಹಿಯಾಗುತ್ತವೆ, ಆದ್ದರಿಂದ ಅರ್ಧಕ್ಕೆ ಇಳಿಸಿ.

ನಿಮ್ಮ 6 ಲೀಟರಿನ ಪಾತ್ರೆ ಅರ್ಧವಾದರೂ ತುಂಬಬೇಕಾದ್ದರಿಂದ ಅಳತೆ ದೊಡ್ಡದಾಗಿಯೇ ಹೇಳುತ್ತೇವೆ. ತೊಗರಿಬೇಳೆ 2½ ಕಪ್ ತೊಳೆದು ಅರ್ಧ ಗಂಟೆ ನೆನೆಸಿ. ಗಡ್ಡೆ ತರಕಾರಿ 5 ಕಪ್, ಅರಿಸಿನ 1 ಚಮಚ, ಎಣ್ಣೆ 2 ಚಮಚ, ಕುದಿಯುವ ನೀರು 8 ಕಪ್. ಮುಚ್ಚಿ 'ಹೈ'ನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ. ಬೇಳೆ ಬೆರಳಲ್ಲಿ ಹಿಸುಕಿದರೆ ಕರಗಬೇಕು. ಆಮೇಲೆ ಎಳೆ ತರಕಾರಿ, ಉಪ್ಪು, ಒಂದು ಗಂಟೆ. ಕಡೆಗೆ ಹುಣಸೆರಸ, ಹುರಿದು ರುಬ್ಬಿದ ಮಸಾಲೆ ಸೇರಿಸಿ ಒಲೆಗೆ ವರ್ಗಾಯಿಸಿ, ಹತ್ತು ನಿಮಿಷ ಚೆನ್ನಾಗಿ ಕುದಿಸಿ ಒಗ್ಗರಣೆ ಕೊಡಿ. ಈ ಹತ್ತು ನಿಮಿಷ ಬಿಡಬೇಡಿ. ಮಸಾಲೆಯ ಹಸಿ ವಾಸನೆ ಹೋಗುವುದು, ಹುಳಿ ಗಟ್ಟಿಯಾಗಿ ಒಂದಾಗುವುದು ಒಲೆಯ ಕುದಿಯಲ್ಲೇ ಹೊರತು ಸ್ಲೋ ಕುಕ್ಕರಿನಲ್ಲಲ್ಲ.

ನಡುನಡುವೆ ಮುಚ್ಚಳ ತೆಗೆದು ನೋಡುವ ಆಸೆ ಬೇಡ. ಒಂದು ಸಲ ತೆಗೆದರೆ ಹೋದ ಶಾಖ ಮರಳಲು 20 ರಿಂದ 30 ನಿಮಿಷ ಬೇಕು.

ಅಮೆರಿಕದಲ್ಲಿರುವ ನಮ್ಮ ಅಕ್ಕ ಊರಿಗೆ ಬಂದಾಗ ತಮ್ಮ ಸ್ಲೋ ಕುಕ್ಕರ್ ಬಿಟ್ಟುಹೋಗಿದ್ದಾರೆ. ಪ್ಲಗ್ ಬದಲಿಸಿ ಬಳಸಬಹುದೇ?
— ಓದುಗರು, ಮಂಗಳೂರು

ಖಂಡಿತ ಬೇಡ. ತಳದಲ್ಲಿರುವ ಚೀಟಿ ಓದಿ. ಅಲ್ಲಿ 120 ವೋಲ್ಟ್ ಎಂದಿದ್ದರೆ, ನಮ್ಮ 230 ವೋಲ್ಟಿಗೆ ಸಿಕ್ಕಿಸಿದೊಡನೆ ಅದು ಸುಮಾರು ಮೂರೂಮುಕ್ಕಾಲು ಪಟ್ಟು ವಿದ್ಯುತ್ ಎಳೆಯುತ್ತದೆ. 240 ವ್ಯಾಟಿನ ಕಾಯಿಲ್ ಸುಮಾರು 880 ವ್ಯಾಟಿನಂತೆ ಉರಿದು ಸುಟ್ಟುಹೋಗುತ್ತದೆ, ಪಿಂಗಾಣಿ ಸೀಳಬಹುದು, ಬೆಂಕಿಯ ಅಪಾಯವೂ ಉಂಟು. ಪ್ಲಗ್ ಅಡಾಪ್ಟರ್ ಆಕಾರವನ್ನಷ್ಟೇ ಹೊಂದಿಸುತ್ತದೆ, ವೋಲ್ಟೇಜನ್ನಲ್ಲ.

ಬಳಸಲೇಬೇಕೆಂದರೆ 230ರಿಂದ 110–120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಕುಕ್ಕರಿನ ವ್ಯಾಟಿನ ಎರಡು ಪಟ್ಟು ಸಾಮರ್ಥ್ಯದ್ದು. 240 ವ್ಯಾಟಿಗೆ 500 ವಿ.ಎ. ಪ್ರವಾಸಿಗರು ಕೊಳ್ಳುವ ಅಂಗೈಯಗಲದ ಕನ್ವರ್ಟರ್ ಎಂಟು ಗಂಟೆಯ ಕೆಲಸಕ್ಕೆ ಮಾಡಿದ್ದಲ್ಲ. ಟ್ರಾನ್ಸ್‌ಫಾರ್ಮರಿನ ಬೆಲೆ ಕೇಳಿ ನೋಡಿ, ಅದರ ಪಕ್ಕದಲ್ಲಿ ಇಲ್ಲಿನದೇ ಒಂದು ಕುಕ್ಕರಿನ ಬೆಲೆಯನ್ನೂ ಇಟ್ಟು ನೋಡಿ.

ನಮ್ಮೂರಲ್ಲಿ ಹಗಲು ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಅಡುಗೆ ನಡುವೆ ಹೋದರೆ? ಇನ್ವರ್ಟರಿಗೆ ಜೋಡಿಸಲೇ?
— ಓದುಗರು, ರಾಯಚೂರು

ಇನ್ವರ್ಟರಿಗೆ ಜೋಡಿಸಬೇಡಿ. 200 ವ್ಯಾಟ್ ಎಂಟು ಗಂಟೆ ಎಂದರೆ 1,600 ವ್ಯಾಟ್-ಅವರ್. 12 ವೋಲ್ಟಿನ 150 ಎ.ಎಚ್. (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ ಇರುವುದೇ 1,800, ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಸಂಜೆಗೆ ದೀಪ, ಫ್ಯಾನಿಗೆ ಏನೂ ಉಳಿಯದು.

ಗುಂಡಿ ತಿರುಗಿಸುವ ಮಾದರಿ ಕೊಳ್ಳಿ. ಕರೆಂಟ್ ಬಂದೊಡನೆ ಅದು ಇದ್ದಲ್ಲಿಂದಲೇ ಮುಂದುವರಿಯುತ್ತದೆ. ಡಿಜಿಟಲ್ ಮಾದರಿಗಳಲ್ಲಿ ಹಲವು, ಕರೆಂಟ್ ಬಂದರೂ ಆಫ್ ಆಗಿಯೇ ಉಳಿಯುತ್ತವೆ. ನೀವು ಮನೆಯಲ್ಲಿದ್ದರೆ ಕೂಡಲೇ ಅಡುಗೆಯನ್ನು ಗ್ಯಾಸಿಗೆ ವರ್ಗಾಯಿಸಿ ಮುಗಿಸಿ. ಆಗಲೇ ಪೂರ್ತಿ ಬೆಂದು ಬಿಸಿಯಿದ್ದ ಅಡುಗೆ ಮುಚ್ಚಳ ತೆಗೆಯದಿದ್ದರೆ ಎರಡು ಗಂಟೆ ಸುರಕ್ಷಿತ. ಹೊರಗೆ ಹೋಗಿದ್ದು, ಎಷ್ಟು ಹೊತ್ತು ಕರೆಂಟ್ ಇರಲಿಲ್ಲವೆಂದು ಗೊತ್ತೇ ಆಗದಿದ್ದರೆ ಮಾಂಸದ ಅಡುಗೆಯನ್ನು ಚೆಲ್ಲಿಬಿಡಿ, ಚೆನ್ನಾಗಿಯೇ ಕಂಡರೂ ಸರಿ. 4 ರಿಂದ 60 ಡಿಗ್ರಿಯ ನಡುವೆ ಕೂತ ಮಾಂಸದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಕೆಲವು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಇದೇ ಕಾರಣಕ್ಕೆ ಬೆಳಿಗ್ಗೆ ಹಸಿ ಮಾಂಸ ತುಂಬಿಸಿಟ್ಟು ಮಧ್ಯಾಹ್ನ ತಾನಾಗಿ ಶುರುವಾಗುವಂತೆ ಟೈಮರ್ ಇಡುವುದೂ ತಪ್ಪು. ರಾಯಚೂರಿನ ಬೇಸಗೆಯಲ್ಲಂತೂ ಯೋಚಿಸಲೇಬೇಡಿ.

ಹುರುಳಿ ಕಟ್ಟಿಗೂ ಗೋಧಿ ಹುಗ್ಗಿಗೂ ಸರಿಯಾದ ಅಳತೆ ತಿಳಿಸಿ. ಹುಗ್ಗಿಯಲ್ಲಿ ಗೋಧಿ ಎಷ್ಟು ಹೊತ್ತಾದರೂ ಅಗಿಯುವ ಹಾಗೆಯೇ ಉಳಿಯಿತು.
— ಓದುಗರು, ಧಾರವಾಡ

ನೀವು ಬೆಲ್ಲವನ್ನು ಮೊದಲೇ ಹಾಕಿದ್ದೀರೆಂದು ತೋರುತ್ತದೆ, ತಪ್ಪಿದ್ದು ಅಲ್ಲೇ. ಬೆಲ್ಲ ಬಿದ್ದ ಮೇಲೆ ಗೋಧಿ ಮುಂದೆ ಬೇಯುವುದಿಲ್ಲ.

3.5 ಲೀಟರಿನ ಪಾತ್ರೆಗೆ ಕುಟ್ಟಿದ ಗೋಧಿ 1½ ಕಪ್, ರಾತ್ರಿಯಿಡೀ ನೆನೆಸಿ ಬಸಿದು, ಕುದಿಯುವ ನೀರು 6 ಕಪ್, ತುಪ್ಪ 1 ಚಮಚ. 'ಲೋ' ಏಳು ಗಂಟೆ, ಅಥವಾ 'ಹೈ' ಮೂರೂವರೆಯಿಂದ ನಾಲ್ಕು. ಕಾಳು ಅರಳಿ, ಸೌಟಿನ ಬೆನ್ನಿನಿಂದ ಒತ್ತಿದರೆ ಮಸೆಯುವಂತಿರಬೇಕು. ಅಲ್ಲಿಯವರೆಗೆ ಬೆಲ್ಲ ಮುಟ್ಟಬೇಡಿ. ಬೆಲ್ಲ 1½ ಕಪ್ ಅನ್ನು ಅರ್ಧ ಕಪ್ ನೀರಿನಲ್ಲಿ ಕರಗಿಸಿ, ಸೋಸಿ, ಬಿಸಿಯಿರುವಾಗಲೇ ಸೇರಿಸಿ 'ಹೈ' ಮುಕ್ಕಾಲು ಗಂಟೆ. ಒಣಕೊಬ್ಬರಿ, ಹುರಿದ ಗಸಗಸೆ, ಏಲಕ್ಕಿ, ಚೂರು ಜಾಜಿಕಾಯಿ ಇಳಿಸುವಾಗ. ಹಾಲನ್ನು ಕುಕ್ಕರಿಗೆ ಹಾಕದೆ ತಟ್ಟೆಗೆ ಬಡಿಸುವಾಗ ತುಪ್ಪದ ಜೊತೆ ಹಾಕಿಕೊಳ್ಳಿ, ಬೆಲ್ಲದ ಜೊತೆ ಕುದಿದರೆ ಒಡೆಯುವ ಸಂಭವವಿದೆ.

ಹುರುಳಿ ಕಟ್ಟಿಗೆ ಕಾಳು 1½ ಕಪ್. ಕಲ್ಲು ಆರಿಸಿ, ತೊಳೆದು, 10 ಗಂಟೆ ನೆನೆಸಿ, ನೀರು ಚೆಲ್ಲಿ. 7 ಕಪ್ ಹೊಸ ನೀರಿನಲ್ಲಿ ಒಲೆಯ ಮೇಲೆ ಹತ್ತು ನಿಮಿಷ ಕುದಿಸಿ, ನೊರೆ ತೆಗೆದು, ನೀರಿನ ಸಮೇತ ಬಿಸಿಬಿಸಿಯಾಗಿ ಕುಕ್ಕರಿಗೆ ಸುರಿಯಿರಿ. 'ಲೋ' ಎಂಟು ಗಂಟೆ. ರಾತ್ರಿ ಹತ್ತಕ್ಕೆ ಇಟ್ಟರೆ ಬೆಳಗಿನ ಆರಕ್ಕೆ ಸಿದ್ಧ. ಬಸಿದ ಕಟ್ಟು ಕಂದಾಗಿ, ಸ್ವಲ್ಪ ಲೋಳೆಯಾಗಿ ಇರುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಕಾಳು ಒಡೆದು ಕಟ್ಟು ರಾಡಿಯಾಗುವುದುಂಟು, ಇಲ್ಲಿ ಕಾಳು ಇಡಿಯಾಗಿಯೇ ಮೆತ್ತಗಾಗುತ್ತದೆ. ಅದೇ ಕಾಳು ಪಲ್ಯಕ್ಕಾಯಿತು. ಸ್ಲೋ ಕುಕ್ಕರಿನಿಂದ ಸಿಗುವ ಅತ್ಯುತ್ತಮ ಸಸ್ಯಾಹಾರಿ ಅಡುಗೆ ಇದೇ ಎಂಬುದು ನಮ್ಮ ಅಭಿಪ್ರಾಯ.

ಲಂಡನ್ನಿನಲ್ಲಿದ್ದೇವೆ. ಪಂದಿ ಕರಿ ಸ್ಲೋ ಕುಕ್ಕರಿನಲ್ಲಿ ಮಾಡಿದರೆ ಕಪ್ಪು ಬಣ್ಣವೂ ಇಲ್ಲ, ಊರಿನ ಗಟ್ಟಿತನವೂ ಇಲ್ಲ. ನಾಟಿ ಕೋಳಿ ಇಲ್ಲಿ ಸಿಗದು, ಅದರ ಬದಲು ಮಾಮೂಲಿ ಕೋಳಿ ಹಾಕಿದರೆ ಹಿಟ್ಟಿನಂತಾಗುತ್ತದೆ.
— ಓದುಗರು, ಮೂಲ ಮಡಿಕೇರಿ

ಹಂದಿಯ ಕೊಬ್ಬಿರುವ ಭುಜದ ಭಾಗ 1½ ಕಿಲೋ, 4 ಸೆಂ.ಮೀ. ತುಂಡು. ಫ್ರೀಜರಿನಿಂದ ತೆಗೆದದ್ದಾದರೆ ಹಿಂದಿನ ದಿನವೇ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಪೂರ್ತಿ ಕರಗಿಸಿ. ಮಂಜುಗಟ್ಟಿದ ಮಾಂಸ ನೇರ ಕುಕ್ಕರಿಗೆ ಹೋಗಕೂಡದು. ಅರಿಸಿನ, ಉಪ್ಪು, ಮೆಣಸಿನಪುಡಿ ಸವರಿ, ಜಜ್ಜಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನೊಂದಿಗೆ ಬಾಣಲೆಯಲ್ಲಿ 10–12 ನಿಮಿಷ ಹುರಿಯಿರಿ. ಸ್ಲೋ ಕುಕ್ಕರ್ ಯಾವುದನ್ನೂ ಕೆಂಪಗೆ ಹುರಿಯಲಾರದು, ಈ ಹೆಜ್ಜೆ ಬಿಟ್ಟರೆ ಮಾಂಸ ಬೇಯಿಸಿದ ವಾಸನೆಯಷ್ಟೇ ಉಳಿಯುತ್ತದೆ. ನೀರು ಅರ್ಧ ಕಪ್ ಸಾಕು, ಉಳಿದದ್ದನ್ನು ಮಾಂಸವೇ ಬಿಡುತ್ತದೆ. 'ಲೋ' ಆರರಿಂದ ಏಳು ಗಂಟೆ.

ಬಣ್ಣ ಬರುವುದು ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಚೂರು ಮೆಂತ್ಯವನ್ನು ಕಾಫಿಬೀಜದ ಬಣ್ಣಕ್ಕೆ ಹುರಿದು ಪುಡಿಮಾಡಿದಾಗ. ಈ ಪುಡಿ 3 ದೊಡ್ಡ ಚಮಚ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) 1½ ದೊಡ್ಡ ಚಮಚ, ಎರಡನ್ನೂ ಬೆಂದ ಮೇಲೆಯೇ ಹಾಕಬೇಕು. ಎಲ್ಲವನ್ನೂ ಬಾಣಲೆಗೆ ಹಾಕಿ ಮುಚ್ಚದೆ 15–20 ನಿಮಿಷ ಬತ್ತಿಸಿ. ಗಟ್ಟಿತನ ಬರುವುದು ಅಲ್ಲಿ.

ಕೋಳಿಯ ವಿಷಯ: ಫಾರಂ ಕೋಳಿಯ ಎದೆಭಾಗದಲ್ಲಿ ಕರಗಬೇಕಾದ ಕೊಲಾಜನ್ ಹೆಚ್ಚಿಲ್ಲ, ಹೊತ್ತು ಹೆಚ್ಚಾದರೆ ರಸ ಹಿಂಡಿಹೋಗಿ ಹಿಟ್ಟು ಹಿಟ್ಟಾಗುತ್ತದೆ. ಮೂಳೆಯಿರುವ ಕಾಲು, ತೊಡೆ ತೆಗೆದುಕೊಂಡು 'ಲೋ' ನಾಲ್ಕೂವರೆಯಿಂದ ಐದು ಗಂಟೆಗೆ ನಿಲ್ಲಿಸಿ. ಮೂಳೆಯ ಬಳಿ ಥರ್ಮಾಮೀಟರ್ 74 ಡಿಗ್ರಿ ದಾಟಿರಬೇಕು. ಊರಿಗೆ ಬಂದಾಗ ನಾಟಿ ಕೋಳಿಗೆ ಏಳು ಗಂಟೆ ಕೊಡಿ.

ಫ್ರಿಜ್ಜಿನಲ್ಲಿಟ್ಟ ನಿನ್ನೆಯ ಸಾರನ್ನು ಇದರಲ್ಲೇ ಬಿಸಿ ಮಾಡಬಹುದೇ?
— ಓದುಗರು, ದಾವಣಗೆರೆ

ಬೇಡ, ಬಿಸಿಯೇರಲು ತುಂಬ ಹೊತ್ತು ಹಿಡಿಯುತ್ತದೆ. ಒಲೆಯ ಮೇಲೆ ಕುದಿಸಿ, ಆಮೇಲೆ ಬೇಕಾದರೆ 'ವಾರ್ಮ್'ನಲ್ಲಿಡಿ. ಪಿಂಗಾಣಿ ಪಾತ್ರೆಯನ್ನು ಅಡುಗೆ ಸಮೇತ ಫ್ರಿಜ್ಜಿಗಿಡುವುದೂ ಬೇಡ. ದಪ್ಪ ಗೋಡೆ ಶಾಖ ಹಿಡಿದಿಟ್ಟು ನಡುಭಾಗ ತಣ್ಣಗಾಗಲು ಬಿಡುವುದಿಲ್ಲ. ಅಗಲ ಡಬ್ಬಿಗಳಿಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಪಿಂಗಾಣಿಯಲ್ಲಿ ಕೂದಲೆಳೆಯಂಥ ಸೀಳು ಬಿದ್ದಿದೆ. ಕುಕ್ಕರ್ ಹಳೆಯದು, ಮೊದಲಿನಷ್ಟು ಬಿಸಿಯಾಗುತ್ತಿಲ್ಲವೆಂಬ ಅನುಮಾನವೂ ಇದೆ. ಪರೀಕ್ಷಿಸುವುದು ಹೇಗೆ?
— ಓದುಗರು, ಶಿವಮೊಗ್ಗ

ಸೀಳು ಉಗುರಿಗೆ ತಾಗುವಂತಿದ್ದರೆ, ಒಳಮೈಯ ಹೊಳಪು ಎದ್ದಿದ್ದರೆ ಆ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ. ಸಂದಿನಲ್ಲಿ ಅಡುಗೆ ಕೂತು ಕೊಳೆಯುತ್ತದೆ, ಬಿಸಿಯಲ್ಲಿ ಇಬ್ಭಾಗವಾಗಿ ಸಾರೆಲ್ಲ ಕಾಯಿಲಿಗೆ ಇಳಿಯಬಹುದು. ಸೀಳುವುದಕ್ಕೆ ಸಾಮಾನ್ಯ ಕಾರಣ ಹಠಾತ್ ಶಾಖ ಬದಲಾವಣೆ: ಬಿಸಿ ಪಾತ್ರೆಗೆ ತಣ್ಣೀರು, ತಣ್ಣಗಿನ ಪಾತ್ರೆಗೆ ಒಮ್ಮೆಲೇ ಕುದಿನೀರು. ಕುದಿನೀರು ಹಾಕುವ ಮೊದಲು ನಲ್ಲಿಯ ಬಿಸಿನೀರಿನಿಂದ ಪಾತ್ರೆಯನ್ನು ಬೆಚ್ಚಗೆ ಮಾಡಿಕೊಳ್ಳಿ. ಒಳಪಾತ್ರೆ ಮಾತ್ರ ಬೇರೆಯಾಗಿ ಸಿಗುತ್ತದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಮಾದರಿ ಸಂಖ್ಯೆ ಕೊಟ್ಟು ಕೇಳಿ.

ಶಾಖದ ಪರೀಕ್ಷೆ ಸುಲಭ. ಸರಿಯಾದ ಪಾತ್ರೆ ಕೂರಿಸಿ ಮೂರನೇ ಎರಡು ಭಾಗ ನೀರು ತುಂಬಿ, ಮುಚ್ಚಿ, 'ಲೋ'ದಲ್ಲಿ ಎಂಟು ಗಂಟೆ ಬಿಡಿ. ಮುಚ್ಚಳ ತೆಗೆದ ತಕ್ಷಣ ಥರ್ಮಾಮೀಟರ್ ಅದ್ದಿ, ತಡ ಮಾಡಿದರೆ ಐದಾರು ಡಿಗ್ರಿ ಇಳಿದೇಬಿಡುತ್ತದೆ. 85 ರಿಂದ 93 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಕುಕ್ಕರ್ ಚೆನ್ನಾಗಿದೆ. 93 ದಾಟಿದರೆ ಅದು ಬೇಗ ಬೇಯಿಸುವಂಥದ್ದು, ಹೇಳಿದ ಹೊತ್ತಿನಲ್ಲಿ ಒಂದು ಗಂಟೆ ಕಡಿಮೆ ಮಾಡಿ. 85ಕ್ಕಿಂತ ಕಡಿಮೆಯಿದ್ದರೆ ಕಾಯಿಲ್ ಸೋತಿದೆ, ಹೊಸ ಪಾತ್ರೆಗೆ ಖರ್ಚು ಮಾಡಬೇಡಿ, ಆ ಕುಕ್ಕರಿನಲ್ಲಿ ಕಾಳು, ಮಾಂಸ ಬೇಯಿಸುವುದನ್ನು ನಿಲ್ಲಿಸಿ.